ಒಂದು ನಿಮಿಷದ ಗಂಟೆ

ಆ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಂಟೆ ಹೊಡೆದವನು ನಾನು. ನನ್ನ ಓದು ಎರಡನೇ ತರಗತಿಗೇ ನಿಂತಿತ್ತು. ಗಡಿಯಾರ ನೋಡುವುದಕ್ಕೆ ಅಷ್ಟು ಸಾಕಾಗಿತ್ತು.

ಮೊಮ್ಮಗಳು ಅಲ್ಲೇ ನಾಲ್ಕನೇ ತರಗತಿಯಲ್ಲಿದ್ದಳು. ಏನು ಕೇಳಿದರೂ ಯೋಚಿಸಿಯೇ ಬಾಯಿ ಬಿಡುವ ಮಗು. ಮನೆಗೆ ಎಷ್ಟು ಮೆಟ್ಟಿಲು ಎಂದರೆ, ಸ್ವಲ್ಪ ಹೊತ್ತು ಬಿಟ್ಟು, “ಮುರಿದಿರೋದನ್ನೂ ಸೇರಿಸ್ಬೇಕಾ ತಾತ?” ಅನ್ನುವಳು. ಜೊತೆಯ ಮಕ್ಕಳು ಅವಳಿಗೆ ಆಮೆ ಎಂದು ಹೆಸರಿಟ್ಟಿದ್ದರು.

ಆ ವರ್ಷ ದೊಡ್ಡ ಮೇಡಂ ಹೊಸ ಪರೀಕ್ಷೆ ತಂದರು. ಒಬ್ಬೊಬ್ಬರಿಗೆ ಒಂದು ಪ್ರಶ್ನೆ, ಒಂದು ನಿಮಿಷ. ಬಾಯಲ್ಲೇ ಹೇಳಬೇಕು. ಗಂಟೆಯಾದ ಮೇಲೆ ಹೇಳಿದ್ದು ಲೆಕ್ಕಕ್ಕಿಲ್ಲ. ತಪ್ಪಿದವರಿಗೆ ಇನ್ನೊಂದು ವರ್ಷ ಅದೇ ತರಗತಿ.

ಪರೀಕ್ಷೆಯ ಹಿಂದಿನ ದಿನ ಮೇಡಂ ಕೋಣೆಗೆ ಹೋಗಿ ಕೈಮುಗಿದೆ. “ಅವಳು ನಿಧಾನ ಮೇಡಂ, ದಡ್ಡಿ ಅಲ್ಲ. ಇನ್ನೊಂದು ನಿಮಿಷ ಕೊಡಿ.”

“ನಿಮ್ಮ ಮೊಮ್ಮಗಳಿಗೇನು ಕೊಂಬಿದೆಯಾ ತಾತ? ಐವತ್ತೆಂಟು ಮಕ್ಕಳಿಗೂ ಒಂದೇ ನಿಮಿಷ. ಕೈ ನಡುಗೋ ಹಾಗಿದ್ರೆ ಹೇಳಿ, ಗಂಟೆಗೆ ಬೇರೆಯವ್ರನ್ನ ನೋಡ್ತೀನಿ.”

ಹೊರಗೆ ಬಂದು ಸಂಜೆಯ ಗಂಟೆ ಹೊಡೆದೆ.

ಮರುದಿನ ಗಂಟೆ, ಸುತ್ತಿಗೆ ಹಿಡಿದು ಮೇಡಂ ಮೇಜಿನ ಪಕ್ಕ ನಿಂತಿದ್ದೆ. ಅವಳ ಸರದಿ ಬಂತು. “ಒದ್ದೆ ಬಟ್ಟೆ ಹೇಗೆ ಒಣಗುತ್ತೆ?” ಎಂದರು ಮೇಡಂ. ಪುಸ್ತಕದಲ್ಲಿದ್ದ ಉತ್ತರ, ಬಿಸಿಲಿನಿಂದ.

ಅವಳು ಕಿಟಕಿಯ ಕಡೆ ನೋಡಿದಳು. “ನೆರಳಲ್ಲೂ ಒಣಗುತ್ತಲ್ಲಾ ಮೇಡಂ…” ಎಂದು ನಿಂತಳು.

“ಆಮೆ ಬಟ್ಟೆ ಒಗೀತಾ ಇದೆ!” ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಮೇಡಂ ಕೂಡ ನಕ್ಕರು. ಗಡಿಯಾರದ ಮುಳ್ಳು ಸುತ್ತಿ ಬಂತು. ಅವಳು ಉಸಿರೆಳೆದುಕೊಂಡಿದ್ದಳು. ಮೂರು ಎಣಿಸುವಷ್ಟರಲ್ಲಿ ಹೇಳುತ್ತಾಳೆ, ನನಗೆ ಗೊತ್ತಿತ್ತು.

“ತಾತ, ಗಂಟೆ!” ಮೇಡಂ ಕೂಗಿದರು.

ಹೊಡೆದೆ.

“ಗಾಳಿ,” ಅಂದಳು. ಆ ಸದ್ದಿನಲ್ಲಿ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಮೇಡಂ ಸೊನ್ನೆ ಸುತ್ತಿದರು. ಅವಳು ಮೇಡಂ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು.

ಮರುವರ್ಷ ಅದೇ ತರಗತಿ, ಅದೇ ಪ್ರಶ್ನೆ. ಕೇಳಿ ಮುಗಿಸುವ ಮೊದಲೇ “ಬಿಸಿಲಿನಿಂದ” ಅಂದುಬಿಟ್ಟಳು.

“ನೋಡಿದ್ರಾ ತಾತ, ಒಂದು ವರ್ಷ ಕೂರಿಸಿದ್ದಕ್ಕೆ ಎಷ್ಟು ಚುರುಕಾದ್ಲು!” ಎಂದರು ಮೇಡಂ. ನಾನು ಸುತ್ತಿಗೆ ಎತ್ತಿಯೇ ಇರಲಿಲ್ಲ.

ಆ ಸಂಜೆ ಹೊರಗೆ ಮೋಡ ಕವಿದಿತ್ತು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಹಗ್ಗ ಕಟ್ಟಿ ನನ್ನ ಅಂಗಿ ಹರವುತ್ತಿದ್ದಳು.

“ಇಲ್ಲಿ ಹೇಗೆ ಒಣಗುತ್ತೆ ಮರಿ?”

“ಬಿಸಿಲಿನಿಂದ ತಾತ.”

“ಯೋಚನೆ ಮಾಡಿ ಹೇಳಮ್ಮ. ಅವಸರ ಏನಿಲ್ಲ.”

ನಾನು ಕಾದೆ. ಅವಳು ಬಕೆಟ್ ಎತ್ತಿಕೊಂಡು ಹೊರಟುಹೋದಳು.