ಕೆರೆ ಕಡೆಯ ಕಿಟಕಿ

ಗುಲಾಬಿ ಅತ್ತಿಗೆಯ ಕಾಲ್ಗುಣ ಚೆನ್ನಾಗಿರಲಿಲ್ಲ. ಹಾಗೆಂದು ಅವ್ವ ತೀರ್ಮಾನಿಸಿದ್ದಳು. ಅಣ್ಣ ಕಡಲ ಕಡೆಗೆ ಲಾರಿ ಓಡಿಸುತ್ತಿದ್ದಾಗ ಮೆಚ್ಚಿ ಕಟ್ಟಿಕೊಂಡು ಬಂದವಳು ಅವಳು. ಬಂದ ಮೇಲಿನ ಮೊದಲ ಬೆಳೆಯಲ್ಲೇ ನಮ್ಮ ರೇಷ್ಮೆ ಹುಳು ಕೆಟ್ಟಿತು. ಇನ್ನೊಂದು ಸಲ ಹೀಗಾದರೆ ಇವಳನ್ನು ತವರಿಗೆ ಕಳಿಸುವುದೇ ಎಂದು ಅವ್ವ ಊಟದ ಹೊತ್ತಿನಲ್ಲಿ ಹೇಳಿದಳು. ಅಣ್ಣ ಅನ್ನ ಕಲಸುತ್ತಿದ್ದವನು ಕಲಸುತ್ತಲೇ ಇದ್ದ.

ಹುಳುಮನೆಗೆ ಎರಡು ಕಿಟಕಿ. ಪಡುವಣದ್ದಕ್ಕೆ ಅಜ್ಜನ ಕಾಲದಲ್ಲೇ ಮೊಳೆ ಹೊಡೆದಾಗಿತ್ತು. ಆ ಕಡೆ ದೊಡ್ಡ ಬೆಟ್ಟ. ಮೋಡಗಳು ಮಳೆಯನ್ನೆಲ್ಲ ಆಚೆ ಬದಿಗೇ ಸುರಿಸುತ್ತಿದ್ದವು; ನಮ್ಮ ಬದಿಗೆ ಬರೀ ಒಣಗಾಳಿ ಇಳಿಯುತ್ತಿತ್ತು. ಮೂಡಣ ಕಿಟಕಿಯ ಹೊರಗೆ ಕೆರೆ. ನೀರಿನ ಮೇಲೆ ಹಾದು ಬರುವ ಗಾಳಿ ಬೇಸಿಗೆಯಲ್ಲೂ ತಂಪು. ಅಂಥ ಒಣ ಊರಿನಲ್ಲಿ ನಮ್ಮ ಮನೆಯಲ್ಲಿ ರೇಷ್ಮೆ ಆಗುತ್ತಿದ್ದದ್ದು ಆ ಒಂದು ಕಿಟಕಿಯಿಂದ.

ಆ ವರ್ಷ ಹೂಳೆತ್ತಲು ಕೆರೆಯ ನೀರನ್ನೆಲ್ಲ ಹೊರಬಿಟ್ಟಿದ್ದರು. ಅವ್ವ ಕೂಡ ಖುಷಿಯಿಂದ ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ಹೂಳು ಹೊಡೆಸಿದ್ದಳು. ಕೆರೆ ಬತ್ತಿದ್ದೂ ಅತ್ತಿಗೆ ಮನೆಗೆ ಬಂದದ್ದೂ ಒಂದೇ ತಿಂಗಳು ಎಂಬುದು ಯಾರಿಗೂ ಹೊಳೆಯಲಿಲ್ಲ.

ಎರಡನೆಯ ಬೆಳೆ ಕೊನೆಯ ಜ್ವರಕ್ಕೆ ಕೂತಿತು. ಹುಳು ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು ಹಳೆಯ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅತ್ತಿಗೆಗೆ ಒಳಗೆ ಪ್ರವೇಶವಿರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಕೈ ಚಾಚಿ ಗಾಳಿಯನ್ನು ಮುಟ್ಟಿ ನೋಡಿದಳು.

"ಪಸೆಯೇ ಇಲ್ಲ ಮಾರಾಯ್ತಿ," ಎಂದಳು ನನಗೆ. "ನನ್ನ ತುಟಿಯೇ ಒಡೀತದೆ. ಅವು ಚರ್ಮ ಬಿಡುವುದು ಹೇಗೆ?"

ಕಿಟಕಿಗೆ ಒದ್ದೆ ಗೋಣಿ ಕಟ್ಟಲೇ ಎಂದು ಅವ್ವನನ್ನು ಕೇಳಿದಳು.

"ಜ್ವರ ಬಂದೋರ ಮೈಗೆ ತಣ್ಣೀರ ಗಾಳಿ ಬಿಡ್ತಾರೇನಮ್ಮ, ನಿಮ್ಮ ಸಮುದ್ರದೂರಲ್ಲಿ?"

"ಅದು ಅಂಥಾ ಜ್ವರವಾ ಅತ್ತೆ? ಹೆಸರು ಮಾತ್ರ ಅಲ್ವಾ?"

"ನಿನ್ನ ಕೇಳಿ ಹೆಸರಿಡಬೇಕಿತ್ತು ನಮ್ಮೋರು."

ಮರುದಿನ ಮಧ್ಯಾಹ್ನ ಅವ್ವ ತೋಟಕ್ಕೆ ಹೋದಾಗ ಅತ್ತಿಗೆ ಹೊರಗಿನಿಂದ ಗೋಣಿ ಕಟ್ಟಿದಳು. ಸಿಕ್ಕಿದ್ದು ಒಂದೇ ಗೋಣಿ. ಕಿಟಕಿಯ ಅರ್ಧಕ್ಕೆ ಸಾಕಾಯಿತು. ಒಣಗಿದ ಹಾಗೆಲ್ಲ ಚೊಂಬಿನಲ್ಲಿ ನೀರು ಎರಚಿದಳು. ನಾನು ಬೀದಿಯ ಕಡೆಗೇ ಕಣ್ಣಿಟ್ಟು ನಿಂತಿದ್ದೆ. ಸಂಜೆ ಅವ್ವ ಬಂದವಳು ನೋಡಿದಳು. ಗೋಣಿ ಕಿತ್ತು ಅಂಗಳಕ್ಕೆ ಎಸೆದು, ಅಟ್ಟದಿಂದ ಇವಳ ಟ್ರಂಕು ಇಳಿಸು ಎಂದು ಅಣ್ಣನಿಗೆ ಹೇಳಿದಳು.

"ನಾಳೆ ಹುಳ ಏಳಲಿ, ನೋಡ್ತೀನಿ. ಇಲ್ಲಾಂದ್ರೆ ಬಸ್ಸು ಹತ್ತಿಸ್ಬಿಡು."

ಅಣ್ಣ ಇಳಿಸಿದ. ಟ್ರಂಕು ಹುಳುಮನೆಯ ಬಾಗಿಲ ಪಕ್ಕ ಕೂತಿತು, ಅದರ ಪಕ್ಕ ಅತ್ತಿಗೆ. ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

ಜ್ವರದಿಂದ ಎದ್ದ ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದಂತೆ ಇರುತ್ತದೆ. ನಮ್ಮೂರಿನಲ್ಲಿ ಮಳೆಯ ಸದ್ದು ಹೆಚ್ಚಾಗಿ ಕೇಳುತ್ತಿದ್ದದ್ದು ಹಾಗೆಯೇ. ಬೆಳಿಗ್ಗೆ ಅವ್ವ ಹುಳು ಸಾಕುವ ನಲವತ್ತು ತಟ್ಟೆಗಳಿಗೂ ಸೊಪ್ಪು ಹಾಕಿದಳು. ನಾವು ಕಿವಿಗೊಟ್ಟು ನಿಂತೆವು. ಸದ್ದು ಒಂದೇ ಮೂಲೆಯಿಂದ ಬಂತು.

ಅವ್ವ ಒಂದೊಂದೇ ತಟ್ಟೆ ಎಳೆದು ನೋಡಿದಳು. ಒಂದು ಹುಳುವನ್ನು ಅಂಗೈಗೆ ಎತ್ತಿಕೊಂಡಳು. ಹಳೆಯ ಪೊರೆ ಅರ್ಧ ಬಿಟ್ಟು ಬಾಲದ ಹತ್ತಿರ ಒಣಗಿ ಬಿಗಿದಿತ್ತು; ಹುಳು ಸತ್ತಿತ್ತು. ಉಳಿದವೂ ಹಾಗೆಯೇ. ತಿನ್ನುತ್ತಿದ್ದವು ಕಿಟಕಿಯಲ್ಲಿ ಗೋಣಿ ಕಟ್ಟಿದ್ದ ಅರ್ಧದ ಎದುರಿನ ತಟ್ಟೆಗಳ ಹುಳುಗಳು ಮಾತ್ರ. ಅವ್ವ ಅಲ್ಲಿ ನಿಂತಳು. ಆಮೇಲೆ ಕಿಟಕಿಯ ಹೊರಗೆ ಕೈ ಚಾಚಿ ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಆಚೆ ಕೆರೆಯ ಮಣ್ಣು ಬಿರುಕು ಬಿಟ್ಟಿತ್ತು.

ಸತ್ತ ಹುಳುಗಳ ತಟ್ಟೆ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ಟ್ರಂಕಿಗೆ ಎಡವಿದಳು.

"ದಾರಿಗಡ್ಡ ಯಾಕೆ ಮಡಗಿದ್ದೀಯ ಇದನ್ನ," ಎಂದಳು ಅಣ್ಣನಿಗೆ. "ಒಳಕ್ಕಿಡು."

ಅತ್ತಿಗೆಯ ಮುಖ ನೋಡಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಗೋಣಿಯನ್ನು ತೊಟ್ಟಿಯಲ್ಲಿ ಅದ್ದಿ, ಹಿಂಡದೆ, ಹನಿಯುತ್ತಿದ್ದಂತೆಯೇ ತಂದು ಕಿಟಕಿಗೆ ಕಟ್ಟಿದಳು. ಕೆರೆ ಕಡೆಯ ಗಾಳಿ ಅದನ್ನು ಒಳಕ್ಕೆ ಉಬ್ಬಿಸಿತು.

ಅಂದು ಗೊಬ್ಬರದ ಗುಂಡಿಗೆ ಮೂವತ್ತೆರಡು ತಟ್ಟೆ ಹುಳು ಸುರಿದೆವು.