ಪರೀಕ್ಷೆಗೆ ಹೋದ ನೀರು

ಒಂದು ಬಾಟಲಿ ನೀರು ತಾನೆ, ಯಾರಿಗೆ ಗೊತ್ತಾಗುತ್ತದೆ ಎಂದು ಸ್ಫೂರ್ತಿ ತನ್ನೊಳಗೇ ಹೇಳಿಕೊಳ್ಳುತ್ತ ಎಂಟು ದಿನವಾಗಿತ್ತು. ಆದರೂ ಹೊರಗೆ ಗಾಡಿ ಸದ್ದಾದಾಗಲೆಲ್ಲ ಎದ್ದು ಇಣುಕುತ್ತಿದ್ದಳು.

ಬನವಾಸಿ ಹತ್ತಿರ ಅವಳ ಅಪ್ಪ ಶಂಕ್ರಪ್ಪನದು ಅನಾನಸ್ ರಸ ತೆಗೆಯುವ ಘಟಕ. ಹಣ್ಣು ತೊಳೆದ ನೀರು, ಯಂತ್ರ ತೊಳೆದ ನೀರು ಎಲ್ಲ ಹಿಂದಿನ ಮಣ್ಣುಗುಂಡಿಗೆ. ಆ ನೀರನ್ನು ಪರೀಕ್ಷೆ ಮಾಡಿಸಿ ವರದಿ ಕೊಡಿ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಬಂದಿತ್ತು. ವರದಿ ಕೆಟ್ಟರೆ ಘಟಕಕ್ಕೆ ಬೀಗ ಬೀಳುತ್ತದೆಂದು ಹೆದರಿದ ಸ್ಫೂರ್ತಿ, ಯಾರಿಗೂ ಹೇಳದೆ, ಗುಂಡಿಯಿಂದ ಮೂವತ್ತು ಹೆಜ್ಜೆ ದೂರದ ಮನೆಯ ಬಾವಿಯ ನೀರನ್ನು ಬಾಟಲಿಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದ್ದಳು.

ಇವತ್ತು ಪ್ರಯೋಗಾಲಯದ ದಿವ್ಯಾ, ಸಿದ್ದಾಪುರ ಕಡೆಯವಳು, ವರದಿ ಹಿಡಿದು ಬಂದಳು.

“ಪಾಸಾಗಿಲ್ಲ ಶಂಕ್ರಣ್ಣ. ಕೊಳೆಯ ಅಂಶ ಮಿತಿ ದಾಟಿದೆ.”

ಬಾಟಲಿಯಲ್ಲಿದ್ದದ್ದು ಬಾವಿಯ ನೀರೆಂದು ಸ್ಫೂರ್ತಿಗೆ ಮಾತ್ರ ಗೊತ್ತಿತ್ತು. ಬೆಳಿಗ್ಗೆ ಮನೆಯವರೆಲ್ಲ ಕುಡಿದದ್ದು ಅದನ್ನೇ.

ಶಂಕ್ರಪ್ಪ ನಕ್ಕ. “ಅದು ಹಣ್ಣಿನ ನೀರ್ರಿ ಮೇಡಂ, ವಿಷ ಏನಲ್ಲ. ದನ ಸೈತ ನೆಕ್ತಾವು.”

“ಮೊದಲ ದಿನ ನೆಕ್ತವೆ. ನಾಕನೇ ದಿನ ನೀವೇ ಮೂಗು ಮುಚ್ಕೊಳ್ತೀರಿ. ಗುಂಡಿಯಲ್ಲಿ ಕೊಳೆತದ್ದು ಎಲ್ಲಿಗೆ ಹೋಗ್ತದೆ ಹೇಳಿ?”

“ಭೂಮಿತಾಯಿ ಕುಡಿತಾಳ ಬಿಡ್ರಿ.”

“ಅವಳು ಕುಡಿದದ್ದನ್ನೇ ನಮಗೆ ಕೊಡೂದು, ಅಣ್ಣ. ಇವತ್ತೇ ಗುಂಡಿಗೆ ಬಿಡೂದು ನಿಲ್ಸಿ. ಸಿಪ್ಪೆ, ನಾರು ಸೋಸಿ ಗೊಬ್ಬರಕ್ಕೆ ಹಾಕಿ. ಸೋರದ ಸಿಮೆಂಟ್ ತೊಟ್ಟಿ ಕಟ್ಟಿಸಿ, ಗೊತ್ತಿರೋ ಎಂಜಿನಿಯರ್ ಕೇಳಿ ನೀರು ಶುದ್ಧ ಮಾಡ್ಸಿ. ಫೇಲಾಗಿದೆ, ಇಷ್ಟು ದಿನದೊಳಗೆ ಸರಿ ಮಾಡ್ತೇವೆ ಅಂತ ಮಂಡಳಿಗೆ ನೀವಾಗೇ ಬರ್ದುಕೊಡಿ.”

“ನಾವ ಬರದು ನಾವ ಸಿಕ್ಕೊಳ್ಳೋದೇನ್ರಿ?”

“ಮುಚ್ಚಿಟ್ಟು ಸಿಕ್ಕಿಬಿದ್ರೆ ಆಮೇಲೆ ಯಾರು ನಂಬ್ತಾರೆ?”

ಅಷ್ಟರಲ್ಲಿ ಸ್ಫೂರ್ತಿಯ ತಾಯಿ ಗಿರಿಜವ್ವ ಬೆಲ್ಲ, ತಂಬಿಗೆ ನೀರು ತಂದಳು. “ಮೊದಲ ನೀರು ಕುಡೀರಿ. ಬಾವಿಗೆ ಹೊಸಾ ಪೈಪು ಹಾಕೇವಿ, ಒಂಚೂರು ವಾಸನಿ ಬರ್ತದ. ತಪ್ಪು ತಿಳೀಬ್ಯಾಡ್ರಿ.”

ದಿವ್ಯಾ ತಂಬಿಗೆ ಎತ್ತಿದಳು. ಎಂಟು ದಿನ ಯಾರೆದುರೂ ಬಾಯಿ ಬಿಡದಿದ್ದ ಸ್ಫೂರ್ತಿ ಅವಳ ಕೈ ಹಿಡಿದಳು.

“ಕುಡೀಬ್ಯಾಡ್ರಿ ಅಕ್ಕಾ. ನಾ ಬಾಟ್ಲಿಗೆ ತುಂಬಿದ್ದು ಗುಂಡಿ ನೀರಲ್ಲ. ಈ ಬಾವಿ ನೀರು.”

ಗಿರಿಜವ್ವ ತಂಬಿಗೆ ಕಸಿದುಕೊಂಡು ನೀರನ್ನು ಅಂಗಳಕ್ಕೆ ಚೆಲ್ಲಿದಳು. ಶಂಕ್ರಪ್ಪ ಎದ್ದುಹೋಗಿ ಘಟಕದ ಮೋಟರು ಬಂದ್ ಮಾಡಿ ಬಂದ. “ಆ ಪತ್ರ ಹೆಂಗ ಬರೀಬೇಕು, ಹೇಳ್ರಿ,” ಎಂದ.

ಘಟಕ ನಡೆಸುವವರೇ, ಪರೀಕ್ಷೆಯ ಬಾಟಲಿಗೆ ನೀವು ಹೊರಬಿಡುವ ನೀರನ್ನೇ ತುಂಬಿ. ಫೇಲಾದರೆ ಬರೆದು ತಿಳಿಸಿ, ಸರಿಪಡಿಸಿ, ಮತ್ತೆ ಪರೀಕ್ಷೆ ಮಾಡಿಸಿ. ಜೊತೆಗೆ ನಿಮ್ಮ ಬಾವಿಯದೂ ಒಂದು ಬಾಟಲಿ ಕಳಿಸಿ.