ಬೆರಳೇ ಗೇಜು

"ಹಿಡ್ಕಳಲಾ ಬೀರೇಶ!" ಎಂದು ಪಕ್ಕದ ಬಂಡೆಯ ಮರೆಯಿಂದ ಮೋಹನ್ ಗುಂಡು ತುಂಬಿದ ತನ್ನ ಕೊನೆಯ ಮ್ಯಾಗಜೀನನ್ನು ಎಸೆದ. ಅವನ ಬಂದೂಕು ಗ್ರೆನೇಡಿಗೆ ಸಿಕ್ಕಿ ಮುರಿದಿತ್ತು. ಬೀರೇಶನ ಬಂದೂಕಿನಲ್ಲಿ ಗುಂಡು ಮುಗಿದಿತ್ತು. ಗಡಿಯ ಗುಡ್ಡದ ಮೇಲೆ ಎದುರಿನಿಂದ ಇಬ್ಬರು ಶತ್ರುಗಳು ಗುಂಡು ಹಾರಿಸುತ್ತ ಹತ್ತಿ ಬರುತ್ತಿದ್ದರು.

ಬಂದೂಕಿನ ವಿನ್ಯಾಸ ಹೊರದೇಶದ್ದು, ಪರವಾನಗಿ ಪಡೆದು ಇಲ್ಲೇ ಮಾಡಿದ್ದು. ಮಿತ್ರದೇಶಗಳೆಲ್ಲ ಮ್ಯಾಗಜೀನಿನ ಒಂದೇ ಅಳತೆಗೆ ಸಹಿ ಹಾಕಿದ್ದವು. ಜಂಟಿ ಕವಾಯತಿನಲ್ಲಿ ಹೊರದೇಶದ ಸಿಪಾಯಿಯ ಮ್ಯಾಗಜೀನು ಬೀರೇಶನ ಬಂದೂಕಿಗೆ ಟಕ್ಕೆಂದು ಕೂತಿತ್ತು. ಸ್ವಂತ ದೇಶದಲ್ಲೇ ಮಾಡಿದ ಇದು ಕೂರಲಿಲ್ಲ. ತುರುಕಿದ, ಗುದ್ದಿದ. ಕೈ ಬಿಟ್ಟರೆ ಜಾರಿ ಬಿತ್ತು.

ಅಷ್ಟರಲ್ಲಿ ಮೋಹನನ ಕುತ್ತಿಗೆಗೆ ಗುಂಡು ಬಿತ್ತು. ಬೀರೇಶ ಹಾರಿ, ಹೊಡೆದವನ ತಲೆಯನ್ನು ಬಂದೂಕಿನ ಹಿಡಿಯಿಂದ ಮುಖ ಗುರುತು ಸಿಗದಂತೆ ಜಜ್ಜಿದ. ಇನ್ನೊಬ್ಬ ಓಡಿಹೋದ. ಮೋಹನ್ ಬದುಕಲಿಲ್ಲ.

ರಕ್ತ ಒರೆಸಿ ನೋಡಿದರೆ ಮ್ಯಾಗಜೀನು ಬಂದೂಕಿಗೆ ಸಿಕ್ಕಿಕೊಳ್ಳುವ ಕಚ್ಚಿನಲ್ಲಿ ಅರದಿಂದ ಉಜ್ಜಿದ ಓರೆ ಗೀರು, ಮೂಲೆಯಲ್ಲೊಂದು ಚುಕ್ಕೆ. ತಿಪಟೂರಿನಲ್ಲಿ ತೆಂಗಿನಕಾಯಿ ಸುಲಿಯುವ ಯಂತ್ರ ಮಾಡುತ್ತ, ಈಚೆಗೆ ಬಂದೂಕಿನ ಕಂಪನಿಗೆ ಮ್ಯಾಗಜೀನನ್ನೂ ಮಾಡಿಕೊಡುತ್ತಿದ್ದ ಅಪ್ಪ ಕಾಡಸಿದ್ದಪ್ಪನ ಗುರುತು. ಬೀರೇಶ ಅದನ್ನು ಚೀಲಕ್ಕೆ ಹಾಕಿಕೊಂಡ.

ರಜೆಗೆ ಬಂದವನು ಮನೆಗೂ ಹೋಗದೆ ಅಪ್ಪನ ಅಂಗಡಿಗೆ ನುಗ್ಗಿದ.

"ಅಳತೆ ನೋಡಕ್ಕೆ ಕಂಪ್ನಿಯೋರು ಕೊಟ್ಟ ಗೇಜು ಎಲ್ಲಪ್ಪ?"

"ಡ್ರಾಯರ್‌ನಾಗೆ ಬಿದ್ದೈತೆ ಬುಡು. ನನ್ ಬೆರಳೇ ಗೇಜು ಕಣ್ಲಾ. ಅವ್ರು ಕೊಟ್ಟಿರೋ ಮಾದರಿಗೆ ಇಟ್ಟು ಒಂದೊಂದ್ನೂ ಅರ ಹಾಕಿ ಕೂರುಸ್ತೀನಿ."

ಕಾಯಿಯ ಯಂತ್ರಕ್ಕೆ ಅದೇ ದೊಡ್ಡ ವಿದ್ಯೆ; ಎದುರಿಗಿರುವ ಯಂತ್ರಕ್ಕೆ ಕೂತರೆ ಆಯಿತು. ಆದರೆ ಮ್ಯಾಗಜೀನು ತನ್ನ ಕಣ್ಣಿಗೇ ಬೀಳದ ಬಂದೂಕುಗಳಿಗೂ ಕೂರಬೇಕೆಂದು ಮುದುಕನಿಗೆ ಒಬ್ಬ ಪುಣ್ಯಾತ್ಮನೂ ಬಿಡಿಸಿ ಹೇಳಿರಲಿಲ್ಲ.

ಬೀರೇಶ ಅಪ್ಪನ ಕೈಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಒತ್ತಿ ಹಿಡಿದು ಸುತ್ತಿಗೆ ಬೀಸಿಯೇಬಿಟ್ಟ. ತೋರುಬೆರಳು ಅಪ್ಪಚ್ಚಿಯಾಯಿತು. ಅಪ್ಪ ಚೀರಿ ಕುಸಿದ. ಆ ಮ್ಯಾಗಜೀನನ್ನು ಮಗ ಅವನ ಮುಂದೆ ಎಸೆದ.

"ನನ್ ಬಂದೂಕಿಗೆ ಕೂರ್ಲಿಲ್ಲ ಕಣಪ್ಪ. ನನ್ ಜೊತೆಗಾರ ಮೋಹನ ಸತ್ತೋದ."

ಮುದುಕ ಚುಕ್ಕೆಯನ್ನು ನೋಡಿದ.

"ಯಾರ ಮಗ್ನಲಾ?"

"ಮಾಯಸಂದ್ರದ ನಿಂಗಮ್ಮನ ಮಗ. ಒಬ್ನೇ."

ಕಾಡಸಿದ್ದಪ್ಪ ಎದ್ದು ಇನ್ನೊಂದು ಕೈಯನ್ನೂ ಅಡಿಗಲ್ಲಿನ ಮೇಲಿಟ್ಟ. ಬೀರೇಶನಿಗೆ ಸುತ್ತಿಗೆ ಎತ್ತಲಾಗಲಿಲ್ಲ.

"ಹೊಡಿಯೋದು ಆಮ್ಯಾಕೆ ಹೊಡಿ ಮಗ," ಎಂದ ಅಪ್ಪ, ರಕ್ತ ಸುರಿಯುತ್ತಿದ್ದ ಕೈಯಿಂದಲೇ ಫೋನು ಮುಂದೆ ತಳ್ಳಿ. "ಮೊದ್ಲು ನಿಮ್ ಮಿಲ್ಟ್ರಿಯೋರ್ಗೆ ಹೇಳು. ಹೋದ ತಿಂಗ್ಳು ಇಂಥವೇ ಇನ್ನೂ ನಾನೂರು ಕಳ್ಸಿದ್ದೀನಿ."